ಮಾಲು ಹೊತ್ತಿಗೆ ಸರಿಯಾಗಿ ಹೊರಡುತ್ತಿಲ್ಲವೇ? ದೋಷ ಹುಡುಕುವ ಕೈಪಿಡಿ

ಬೆಳಿಗ್ಗೆ ಒಂಬತ್ತೂವರೆಗೆ ಗಿರಾಕಿ ಕಂಪನಿಯಿಂದ ಫೋನ್ ಬರುತ್ತದೆ. "ಸರ್, ಗಾಡಿ ಹೊರಟಿತಾ?" ವಾರಕ್ಕೊಂದು ಸಲ ಇಂಥ ಫೋನ್ ಬಂದರೆ ಹೇಗೋ ಸುಧಾರಿಸಬಹುದು. ದಿನಾ ಬರುತ್ತಿದ್ದರೆ ಎಲ್ಲೋ ದೋಷ ಇದೆ ಅಂತಲೇ ಅರ್ಥ.

ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಮಷಿನಿಂಗ್ ಶಾಪ್‌ನಲ್ಲಿ ನಾನು ಸ್ಟೋರ್ಸ್ ಮತ್ತು ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಗಾಡಿಗಳಿಗೆ ಹೋಗುವ ಶಾಫ್ಟ್, ಬುಷ್, ಪಿನ್ ನಮ್ಮ ಕೆಲಸ. ತಡ ಆಗತೊಡಗಿದರೆ ನಮ್ಮಂಥ ಶಾಪ್‌ಗಳಲ್ಲಿ ಮೊದಲು ಬರುವ ಯೋಚನೆ ಮೂರು: ಹೊಸ ಮಷಿನ್ ತರೋಣ, ಭಾನುವಾರ ಓಟಿ (ಓವರ್‌ಟೈಮ್) ಮಾಡಿಸೋಣ, ಸಾಫ್ಟ್‌ವೇರ್ ಹಾಕಿಸೋಣ. ಮೂರಕ್ಕೂ ದುಡ್ಡು ಬೇಕು. ಮೂರನ್ನೂ ಮಾಡಿ, ತಡ ಮಾತ್ರ ಹಾಗೇ ಉಳಿದ ಶಾಪ್‌ಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಾಲು ಮಷಿನ್ ಮೇಲೆ ಇರುವ ಹೊತ್ತಿಗಿಂತ ಎರಡು ಮಷಿನ್‌ಗಳ ನಡುವೆ ಕಾಯುವ ಹೊತ್ತೇ ಎಷ್ಟೋ ಪಟ್ಟು ಜಾಸ್ತಿ. ಆ ಕಾಯುವ ಜಾಗ ಯಾವುದು ಅಂತ ಗೊತ್ತಾಗುವವರೆಗೆ ದುಡ್ಡು ಬಿಚ್ಚಬೇಡಿ.

ಕಣ್ಣು, ಕಾಲು ಮತ್ತು ಒಂದು ಪೆನ್ನು ಸಾಕಾಗುವ ಪರೀಕ್ಷೆಗಳನ್ನು ಮೊದಲು ಹೇಳುತ್ತೇನೆ. ಖರ್ಚಿನವು ಆಮೇಲೆ.

ಎಲ್ಲಕ್ಕಿಂತ ಮೊದಲು: ಒಂದು ಟ್ರೇಯ ಹಿಂದೆ ನಡೆಯಿರಿ

ಇದಕ್ಕೆ ಒಂದು ರೂಪಾಯಿಯೂ ಬೇಡ. ಜಾಸ್ತಿ ಓಡುವ ಐಟಂ ಒಂದನ್ನು ಆರಿಸಿ. ಬಾರ್ ಕತ್ತರಿಸುವ ಕಡೆಯೇ ಒಂದು ಟ್ರೇಗೆ ಕಾರ್ಡ್ ಕಟ್ಟಿ. ಟ್ರೇ ಒಂದು ಮಷಿನ್ ಹತ್ತಿರ ಬಂದಾಗ, ಕೆಲಸ ಶುರುವಾದಾಗ, ಮುಗಿದಾಗ, ಅಲ್ಲಿಂದ ಎತ್ತಿದಾಗ, ಈ ನಾಲ್ಕೂ ಹೊತ್ತನ್ನು ಕಾರ್ಡಿನಲ್ಲಿ ಬರೆಯಿರಿ. ಬರೆಯುವ ಕೆಲಸ ಆಪರೇಟರ್‌ಗಳ ತಲೆಗೆ ಕಟ್ಟಬೇಡಿ. ದಿನಕ್ಕೆ ನಾಲ್ಕು ಸಲ ನೀವೇ ಹೋಗಿ ನೋಡಿ.

ನಾವು ಮೊದಲ ಸಲ ಮಾಡಿದ್ದು 60 ಶಾಫ್ಟ್ ಇದ್ದ ಒಂದು ಟ್ರೇಯ ಮೇಲೆ. ಬೈಂಡಿಂಗ್ ವೈರ್‌ನಲ್ಲಿ ಗುಲಾಬಿ ಬಣ್ಣದ ಕಾರ್ಡ್ ಕಟ್ಟಿದ್ದೆ. ಎರಡೇ ದಿನಕ್ಕೆ ಅದು ಕೂಲೆಂಟ್ ನೀರಿನಲ್ಲಿ ನೆನೆದು ಅಕ್ಷರ ಕದಡಿತು. ಆಮೇಲೆ ಪ್ಲಾಸ್ಟಿಕ್ ಕವರ್ ಹಾಕಿದೆ. ಬಾರ್ ಕತ್ತರಿಸಿದ ದಿನದಿಂದ ಗಾಡಿ ಹತ್ತುವವರೆಗೆ 16 ದಿನ ಹಿಡಿಯಿತು. ಅದರಲ್ಲಿ ನಮ್ಮ ಮಷಿನ್‌ಗಳ ಮೇಲೆ ಇದ್ದದ್ದು 13 ಗಂಟೆ. ಹೀಟ್ ಟ್ರೀಟ್‌ಮೆಂಟ್‌ನವರ (ಪೀಸ್ ಕಾಯಿಸಿ ಗಟ್ಟಿ ಮಾಡುವವರ) ಕುಲುಮೆ ಕೆಲಸ 9 ಗಂಟೆ. ಉಳಿದದ್ದೆಲ್ಲ ಬರೀ ಕಾಯುವುದು. ಗ್ರೈಂಡಿಂಗ್ ಮುಂದೆ ನಾಲ್ಕು ದಿನ, ಹೊರಗೆ ಹೀಟ್ ಟ್ರೀಟ್‌ಮೆಂಟ್ ಅಂತ ಐದು ದಿನ. ಇನ್ಸ್‌ಪೆಕ್ಷನ್ ಮೇಜಿನ ಕೆಳಗೆ ಎರಡು ದಿನ ಸುಮ್ನೆ ಕೂತಿತ್ತು. ಅಳೆಯುವ ಗೇಜ್ ಕ್ಯಾಲಿಬ್ರೇಷನ್‌ಗೆ (ಅಳತೆ ಸರಿಯಿದೆಯೇ ಅನ್ನುವ ಪರೀಕ್ಷೆಗೆ) ಹೋಗಿದೆ ಅಂತ ಯಾರೂ ಯಾರಿಗೂ ಹೇಳಿರಲಿಲ್ಲ.

ನಿಮ್ಮ ಕಾರ್ಡ್ ತುಂಬಿದ ಮೇಲೆ ಅತಿ ಹೆಚ್ಚು ಕಾದದ್ದು ಎಲ್ಲಿ ಅಂತ ನೋಡಿ. ಕೆಳಗಿನ ಲಕ್ಷಣಗಳಲ್ಲಿ ಅದಕ್ಕೆ ಹೊಂದುವ ಭಾಗಕ್ಕೆ ನೇರ ಹೋಗಿ.

ಲಕ್ಷಣ: ಕಂಪ್ಯೂಟರ್‌ನಲ್ಲಿ ಸ್ಟಾಕ್ ಇದೆ, ರ‍್ಯಾಕ್‌ನಲ್ಲಿ ಇಲ್ಲ

ಹತ್ತು ಐಟಂ ಆರಿಸಿ ಎಣಿಸಿ. ಐದನ್ನು ಕಂಪ್ಯೂಟರ್‌ನಲ್ಲಿ ನೋಡಿ ರ‍್ಯಾಕ್‌ಗೆ ಹೋಗಿ, ಇನ್ನೈದನ್ನು ರ‍್ಯಾಕ್‌ನಲ್ಲಿ ನೋಡಿ ಕಂಪ್ಯೂಟರ್‌ಗೆ ಬನ್ನಿ. ಎರಡೂ ದಿಕ್ಕಿನಿಂದ ಎಣಿಸದಿದ್ದರೆ ಅರ್ಧ ತಪ್ಪು ಕಾಣುವುದೇ ಇಲ್ಲ.

ವ್ಯತ್ಯಾಸ ಯಾವ ಥರದ್ದು ಅನ್ನುವುದೇ ಕಾರಣ ಹೇಳುತ್ತದೆ. ರ‍್ಯಾಕ್‌ನಲ್ಲಿ ಕಮ್ಮಿ ಇದ್ದರೆ ಚೀಟಿ ಇಲ್ಲದೆ ಮಾಲು ಕೊಟ್ಟಿದ್ದಾರೆ. ರಾತ್ರಿ ಶಿಫ್ಟ್‌ನಲ್ಲಿ ಸ್ಟೋರ್ಸ್ ಕೀಲಿ ಸೂಪರ್‌ವೈಸರ್ ಹತ್ತಿರ ಇದ್ದರೆ ಮೊದಲು ಅಲ್ಲಿ ಕೇಳಿ. ರ‍್ಯಾಕ್‌ನಲ್ಲಿ ಜಾಸ್ತಿ ಇದ್ದರೆ ಶಾಪ್‌ನಿಂದ ವಾಪಸ್ ಬಂದದ್ದನ್ನು ಎಂಟ್ರಿ ಮಾಡಿಲ್ಲ, ಅಥವಾ ಇನ್‌ವರ್ಡ್ (ಒಳಗೆ ಬಂದ ಮಾಲಿನ ಎಂಟ್ರಿ) ಬಾಕಿ ಇದೆ. ಒಂದು ಬಿನ್‌ನಲ್ಲಿ 40 ಕಮ್ಮಿ, ಪಕ್ಕದ ಬಿನ್‌ನಲ್ಲಿ ಅದೇ 40 ಜಾಸ್ತಿ ಇದ್ದರೆ ಒಂದೇ ಥರ ಕಾಣುವ ಐಟಂ ಅದಲುಬದಲಾಗಿದೆ. ಅಂಥ ಎರಡು ಬಿನ್‌ಗಳನ್ನು ಅಕ್ಕಪಕ್ಕ ಇಡಲೇಬೇಡಿ. ವ್ಯತ್ಯಾಸ ಸರಿಯಾಗಿ ಒಂದು ಡಬ್ಬದಷ್ಟೇ ಇದ್ದರೆ ಇನ್‌ವರ್ಡ್‌ನಲ್ಲಿ ಒಳಗಿನದನ್ನು ಎಣಿಸಿಲ್ಲ, ಡಬ್ಬದ ಮೇಲಿನ ಲೇಬಲ್ ಓದಿದ್ದಾರೆ.

ಬಾರ್ ಸ್ಟಾಕ್‌ನಲ್ಲಿ ದಿನಾ ಸ್ವಲ್ಪ ಸ್ವಲ್ಪ ತಪ್ಪುತ್ತಿದ್ದರೆ ಅಳತೆ ನೋಡಿ. ಬಾರ್ ಕೆಜಿ ಲೆಕ್ಕದಲ್ಲಿ ಒಳಗೆ ಬರುತ್ತದೆ, ಮೀಟರ್ ಲೆಕ್ಕದಲ್ಲಿ ಶಾಪ್‌ಗೆ ಹೋಗುತ್ತದೆ. ಎಂಎಂನಲ್ಲಿರುವ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತದೆ. 20 ಎಂಎಂ ಬಾರ್ ಆದರೆ 400ನ್ನು 162ರಿಂದ ಭಾಗಿಸಿ: ಸುಮಾರು 2.47 ಕೆಜಿ. ಇದರ ಜೊತೆ ಬ್ಲೇಡ್ ತಿನ್ನುವ ಎರಡು ಮೂರು ಎಂಎಂ ಮತ್ತು ಕೊನೆಯ ತುಂಡನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮಲ್ಲಿ ಆ ಕೊನೆ ತುಂಡುಗಳ ಲೆಕ್ಕ ಬಿಟ್ಟಿದ್ದರಿಂದಲೇ ತಿಂಗಳಾ ತಿಂಗಳಾ ಸ್ಟಾಕ್ ತಪ್ಪುತ್ತಿತ್ತು.

ಮಾರ್ಚ್ 31ಕ್ಕೆ ಎಲ್ಲವನ್ನೂ ಒಟ್ಟಿಗೆ ಎಣಿಸುವ ಬದಲು ದಿನಾ ಹತ್ತು ಐಟಂ ಎಣಿಸಿ. ಬೆಲೆಬಾಳುವವು ತಿಂಗಳಿಗೊಮ್ಮೆ, ನಟ್ಟು ಬೋಲ್ಟು ವರ್ಷಕ್ಕೊಮ್ಮೆ ಬಂದರೆ ಸಾಕು.

ಎಲ್ಲಿ ನಿಲ್ಲಿಸಬೇಕು: ಇನ್ಸರ್ಟ್ (ಕತ್ತರಿಸುವ ಟೂಲ್‌ನ ತುದಿ), ತಾಮ್ರ, ಬೇರಿಂಗ್‌ನಂಥ ದುಬಾರಿ ಐಟಂ ಒಂದೇ ಪದೇ ಪದೇ ಕಮ್ಮಿ ಬರುತ್ತಿದ್ದರೆ ಯಾರ ಮೇಲೂ ಬೆರಳು ತೋರಿಸಬೇಡಿ. ಎಣಿಕೆ ಹಾಳೆ ಇಟ್ಟುಕೊಂಡು ಮಾಲೀಕರಿಗೆ ಹೇಳಿ, ವಿಚಾರಣೆ ಅವರಿಗೆ ಬಿಡಿ.

ಲಕ್ಷಣ: ಶಾಪ್ ತುಂಬಾ ಟ್ರೇ, ಡಿಸ್ಪ್ಯಾಚ್ ಜಾಗ ಖಾಲಿ

ಎಲ್ಲರೂ ಬೆವರು ಸುರಿಸಿ ದುಡಿಯುತ್ತಿರುತ್ತಾರೆ. ಓಡಾಡಲು ಜಾಗ ಇರುವುದಿಲ್ಲ. ಆದರೂ ಸಂಜೆ ಬಿಲ್ ಮಾಡಲು ಏನೂ ಇರುವುದಿಲ್ಲ. ನಮ್ಮಂಥ ಶಾಪ್‌ಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ. ಅದಕ್ಕೆ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ.

ಮೊದಲು ಒಂದು ಭಾಗಾಕಾರ. ಶಾಪ್‌ನಲ್ಲಿ ಅರೆಬರೆ ಆಗಿರುವ ಪೀಸ್ ಎಷ್ಟು ಅಂತ ಎಣಿಸಿ. ಅದನ್ನು ದಿನಕ್ಕೆ ಪೂರ್ತಿ ಆಗಿ ಹೊರಬೀಳುವ ಪೀಸ್‌ಗಳಿಂದ ಭಾಗಿಸಿ. ಒಳಗೆ 6,000 ಪೀಸ್ ಇದ್ದು ದಿನಕ್ಕೆ 400 ಹೊರಗೆ ಹೋಗುತ್ತಿದ್ದರೆ, ಇವತ್ತು ಶುರು ಮಾಡುವ ಪೀಸ್ ಹೊರಬರಲು ಸರಾಸರಿ 15 ದಿನ ಬೇಕು. ಇದನ್ನು ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಗಣಿತದಿಂದಲೇ ಸಾಧಿಸಿ ತೋರಿಸಿದರು. ಗಿರಾಕಿಗೆ ನೀವು ಎಂಟು ದಿನ ಅಂತ ಮಾತು ಕೊಟ್ಟಿದ್ದರೆ, ಎಷ್ಟು ಓಡಾಡಿದರೂ ಎಲ್ಲ ಆರ್ಡರ್‌ಗಳಿಗೂ ಆ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ. ಒಂದನ್ನು ಮುಂದೆ ನುಗ್ಗಿಸಿದರೆ ಇನ್ನೊಂದು ಹಿಂದೆ ಬೀಳುತ್ತದೆ, ಅಷ್ಟೇ.

ಈಗ ರಾಶಿ ಎಲ್ಲಿದೆ ಅಂತ ನೋಡಿ. ಒಂದು ವಾರ, ದಿನಾ ಒಂದೇ ಹೊತ್ತಿಗೆ, ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ.

ರಾಶಿ ಯಾವಾಗಲೂ ಒಂದೇ ಮಷಿನ್ ಮುಂದೆ ಇದ್ದರೆ ಕುತ್ತಿಗೆ ಅಲ್ಲೇ ಸಿಕ್ಕಿಕೊಂಡಿದೆ, ಅಂದರೆ ಆ ಒಂದು ಮಷಿನ್ ಇಡೀ ಶಾಪನ್ನು ತಡೆದಿದೆ. ಉದಾಹರಣೆಗೆ ಟರ್ನಿಂಗ್‌ಗೆ ಪೀಸಿಗೆ 2 ನಿಮಿಷ, ಮಿಲ್ಲಿಂಗ್‌ಗೆ 3, ಗ್ರೈಂಡಿಂಗ್‌ಗೆ ನಾಲ್ಕೂವರೆ. ಶಿಫ್ಟ್‌ನಲ್ಲಿ ನಿಜವಾಗಿ ಓಡುವುದು 420 ನಿಮಿಷ ಅಂದುಕೊಳ್ಳೋಣ. ಟರ್ನಿಂಗ್ 210 ಮಾಡುತ್ತದೆ, ಮಿಲ್ಲಿಂಗ್ 140, ಗ್ರೈಂಡಿಂಗ್ ಬರೀ 93. ಎಲ್ಲರೂ ಪೂರ್ತಿ ದುಡಿದರೆ ದಿನಕ್ಕೆ 117 ಪೀಸ್ ನಡುವೆ ಉಳಿಯುತ್ತವೆ, ಆರು ದಿನಕ್ಕೆ 700 ದಾಟುತ್ತದೆ. ಅಂದರೆ ಟರ್ನಿಂಗ್‌ನವನು ಚೆನ್ನಾಗಿ ದುಡಿದಷ್ಟೂ ತಡ ಜಾಸ್ತಿ ಆಗುತ್ತದೆ. ಇದನ್ನು ಒಪ್ಪಿಕೊಳ್ಳುವುದು ಕಷ್ಟ. ನನಗೂ ಕಷ್ಟ ಆಯಿತು.

ಏನು ಮಾಡಬೇಕು? ಆ ಗ್ರೈಂಡಿಂಗ್ ಮಷಿನ್ ಊಟದ ಹೊತ್ತಿಗೆ ನಿಲ್ಲದ ಹಾಗೆ ಇನ್ನೊಬ್ಬರಿಗೆ ಕಲಿಸಿ. 30 ನಿಮಿಷ ಉಳಿದರೆ ದಿನಕ್ಕೆ ಆರು ಪೀಸ್ ಜಾಸ್ತಿ. ಅದರ ಮುಂದೆ ಬರುವ ಪೀಸ್‌ಗಳನ್ನು ಮೊದಲೇ ಅಳೆದು ನೋಡಿ, ಕೆಟ್ಟ ಪೀಸ್ ಮೇಲೆ ಅದರ ಹೊತ್ತು ಹಾಳಾಗಬಾರದು. ಆಮೇಲೆ ನೆಲದ ಮೇಲೆ ಹಳದಿ ಬಣ್ಣದಲ್ಲಿ ನಾಲ್ಕು ಟ್ರೇ ಹಿಡಿಯುವಷ್ಟು ಚೌಕ ಬಳಿಯಿರಿ. ಚೌಕ ತುಂಬಿದರೆ ಹಿಂದಿನ ಮಷಿನ್ ನಿಲ್ಲಬೇಕು. ಟೊಯೊಟಾದಲ್ಲಿ ತೈಚಿ ಓನೊ ಬೆಳೆಸಿದ ಕಾನ್‌ಬಾನ್ ಪದ್ಧತಿಯ ಜೀವ ಇಷ್ಟೇ. ಮುಂದಿನವನು ಕೇಳಿದಾಗ ಮಾತ್ರ ಹಿಂದಿನವನು ಮಾಡಬೇಕು. ಟೊಯೊಟಾದ ಬಿಡದಿ ಕಾರ್ಖಾನೆಗೆ ಬೇರೆ ಬೇರೆ ಹಂತದಲ್ಲಿ ಮಾಲು ಕೊಡುವ ಎಷ್ಟೋ ಶಾಪ್‌ಗಳಿಗೆ ಈ ಪದ ಈಗ ಮನೆಮಾತು. ಬಣ್ಣದ ಡಬ್ಬ ಒಂದು ಸಾಕು, ಸಾಫ್ಟ್‌ವೇರ್ ಬೇಡ. ನಿಂತ ಆಪರೇಟರ್ ಪೀಸ್ ಅಂಚಿನ ಬರ್ (ಚೂಪು ಚಕ್ಕೆ) ತೆಗೆಯಲಿ, ಮುಂದಿನ ಸೆಟ್ಟಿಂಗ್‌ಗೆ (ಬೇರೆ ಐಟಂಗೆ ಮಷಿನ್ ಹೊಂದಿಸಲು) ತಯಾರಿ ಮಾಡಲಿ. ಅವನು ಸುಮ್ನೆ ನಿಂತದ್ದನ್ನು ನೋಡಿ ಮಾಲೀಕರಿಗೆ ಹೊಟ್ಟೆ ಉರಿಯಬಹುದು. ಫೋಟೊ ತೋರಿಸಿ, ಲೆಕ್ಕ ತೋರಿಸಿ.

ರಾಶಿ ದಿನಕ್ಕೊಂದು ಕಡೆ ಅಲೆಯುತ್ತಿದ್ದರೆ ಕಾರಣ ಬೇರೆ. ಲಾಟ್, ಅಂದರೆ ಒಟ್ಟಿಗೆ ಓಡಿಸುವ ಪೀಸ್‌ಗಳ ಕಂತು, ತುಂಬಾ ದೊಡ್ಡದಿದೆ. 200 ಪೀಸ್‌ಗೆ ಮೂರು ಆಪರೇಷನ್, ಒಂದೊಂದಕ್ಕೂ 2 ನಿಮಿಷ ಅಂದುಕೊಳ್ಳಿ. ಇನ್ನೂರೂ ಮುಗಿದ ಮೇಲೆಯೇ ಮುಂದಕ್ಕೆ ಕಳಿಸಿದರೆ 1,200 ನಿಮಿಷ, ಅಂದರೆ 20 ಗಂಟೆ. ಐವತ್ತು ಐವತ್ತು ಮುಗಿದಂತೆ ಮುಂದಕ್ಕೆ ದಾಟಿಸಿದರೆ 600 ನಿಮಿಷ, 10 ಗಂಟೆ. ಮಷಿನ್ ಅದೇ, ಜನ ಅದೇ, ಟ್ರಾಲಿ ಮಾತ್ರ ನಾಲ್ಕು ಸಲ ಓಡಾಡುತ್ತದೆ.

"ಸೆಟ್ಟಿಂಗ್‌ಗೆ ಒಂದೂವರೆ ಗಂಟೆ ಬೇಕು ಸರ್, ಅದಕ್ಕೇ ದೊಡ್ಡ ಲಾಟ್ ಓಡಿಸ್ತೀವಿ" ಅನ್ನುವ ಉತ್ತರ ಬರುತ್ತದೆ. ಸರಿ, ಆ ಒಂದೂವರೆ ಗಂಟೆ ಪಕ್ಕದಲ್ಲಿ ನಿಂತು ನೋಡಿ. ನಾನು ನಿಂತಿದ್ದ ದಿನ ಮಷಿನ್ ನಿಲ್ಲಿಸಿದ ಮೇಲೆ ಡ್ರಾಯಿಂಗ್ ಹುಡುಕಿದರು, ಬಾರ್ ಹಿಡಿಯುವ ಕೊಲೆಟ್ ಪಕ್ಕದ ಮಷಿನ್‌ನಲ್ಲಿತ್ತು, ಇನ್ಸರ್ಟ್‌ಗೆ ನನ್ನ ಹತ್ತಿರವೇ ಚೀಟಿ ತಂದರು. ಹುಡುಕಾಟಕ್ಕೇ 50 ನಿಮಿಷ ಹೋಯಿತು. ಈಗ ಹಿಂದಿನ ಶಿಫ್ಟ್‌ನವರೇ ಎಲ್ಲವನ್ನೂ ಒಂದು ಟ್ರಾಲಿಯಲ್ಲಿ ಜೋಡಿಸಿಟ್ಟು ಹೋಗುತ್ತಾರೆ.

ಓಟಿ ಬಗ್ಗೆ ಒಂದು ಮಾತು. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಓಟಿಗೆ ಎರಡರಷ್ಟು ಕೂಲಿ ಅನ್ನುವುದು ನಿಯಮ. ಅಷ್ಟು ಕೊಟ್ಟು ಟರ್ನಿಂಗ್ ಓಡಿಸಿದರೆ ರಾಶಿ ಬೆಳೆಯುತ್ತದೆ. ಓಟಿ ಕೊಡುವುದಾದರೆ ಕುತ್ತಿಗೆ ಸಿಕ್ಕಿಕೊಂಡ ಮಷಿನ್‌ಗೆ ಮಾತ್ರ ಕೊಡಿ.

ಎಚ್ಚರಿಕೆ: ಪೀಸಿಗೆ ಹತ್ತು ಸೆಕೆಂಡ್ ಉಳಿಸಲು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್) ಬಾಗಿಲಿನ ಇಂಟರ್‌ಲಾಕ್, ಅಂದರೆ ಬಾಗಿಲು ತೆರೆದಾಗ ಮಷಿನ್ ಓಡದಂತೆ ತಡೆಯುವ ಸ್ವಿಚ್, ಬೈಪಾಸ್ ಮಾಡಬೇಡಿ, ಮಾಡಿಸಬೇಡಿ. ಗ್ರೈಂಡಿಂಗ್ ವೀಲ್‌ಗೆ ಬರೆದಿರುವ ಆರ್‌ಪಿಎಂ ಮೀರಿಸಬೇಡಿ, ಗಾರ್ಡ್ ತೆಗೆಯಬೇಡಿ. ಓಡುವ ಮಷಿನ್ ಹತ್ತಿರ ನಿಂತು ಹೊತ್ತು ಬರೆದುಕೊಳ್ಳುವವರೂ ಕನ್ನಡಕ ಹಾಕಿರಬೇಕು, ಸಡಿಲ ತೋಳಿನ ಅಂಗಿ ಬೇಡ.

ಲಕ್ಷಣ: ಜಾಬ್ ವರ್ಕ್‌ಗೆ ಹೋದ ಮಾಲು ವಾಪಸ್ ಬರುವುದಿಲ್ಲ

ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ಕೋಟಿಂಗ್ ಹೊರಗೆ ಮಾಡಿಸುವವರ ದೊಡ್ಡ ತಲೆನೋವು ಇದು. ಹೋದ ಡಿಸಿ (ಮಾಲಿನ ಜೊತೆ ಹೋಗುವ ಡೆಲಿವರಿ ಚಲನ್) ಮತ್ತು ಬಂದ ಡಿಸಿಗಳನ್ನು ಮೂರು ತಿಂಗಳಷ್ಟು ತೆಗೆದುಕೊಂಡು ಕೂರಿ. ಮೂರು ತಾರೀಕು ಬರೆಯಿರಿ: ನಾವು ಕಳಿಸಿದ್ದು, ಅವರು ವಾಪಸ್ ಡಿಸಿ ಮಾಡಿದ್ದು, ನಮ್ಮ ಗೇಟಿಗೆ ಬಂದದ್ದು.

ಎರಡನೇ ಮತ್ತು ಮೂರನೇ ತಾರೀಕಿನ ನಡುವೆ ಅಂತರ ಇದ್ದರೆ ಅವರ ತಪ್ಪೇನೂ ಇಲ್ಲ. ಮಾಲು ರೆಡಿ ಇದೆ, ತರಲು ಗಾಡಿ ಹೋಗಿಲ್ಲ. ನಮ್ಮಲ್ಲಿ ಗುರುವಾರ ಸಂಜೆ ರೆಡಿ ಆದದ್ದು ಶನಿವಾರ ಬರುತ್ತಿತ್ತು. ಶನಿವಾರ ಆ ಕಡೆ ಬೇರೆ ಕೆಲಸಕ್ಕೆ ಗಾಡಿ ಹೋಗುತ್ತೆ ಅನ್ನುವುದೊಂದೇ ಕಾರಣ.

ತಡ ಪ್ರತಿ ಸಲವೂ ಹೆಚ್ಚೂಕಮ್ಮಿ ಅಷ್ಟೇ ದಿನ ಇದ್ದರೆ ಅವರು ಕುಲುಮೆ ತುಂಬಲು ಕಾಯುತ್ತಿದ್ದಾರೆ. ಒಂದೇ ಥರದ ಕೆಲಸ ಒಟ್ಟಾದಾಗಲೇ ಅವರಿಗೆ ಲೋಡ್ ಹಾಕಲು ಗಿಟ್ಟುವುದು. ಅವರನ್ನೇ ಕೇಳಿ, ನಮ್ಮ ಗ್ರೇಡ್‌ನ ಲೋಡ್ ಯಾವ ದಿನ ಹಾಕುತ್ತೀರಿ ಅಂತ. ಬುಧವಾರ ಅಂದರೆ ಮಂಗಳವಾರ ಸಂಜೆ ಕಳಿಸಿ. ಗುರುವಾರ ಕಳಿಸಿದರೆ ಆರು ದಿನ ಅವರ ಶೆಡ್‌ನಲ್ಲಿ ಕೂರುತ್ತದೆ.

ಮೊದಮೊದಲು ಬೇಗ ಬರುತ್ತಿದ್ದದ್ದು ಬರಬರುತ್ತಾ ತಡ ಆಗಿದ್ದರೆ ನಿಮ್ಮದೇ ಅಕೌಂಟ್ಸ್‌ಗೆ ಹೋಗಿ ಅವರ ಲೆಡ್ಜರ್ ನೋಡಿ. ಮೂರು ತಿಂಗಳ ಬಿಲ್ ಬಾಕಿ ಇಟ್ಟವರ ಮಾಲನ್ನು ಯಾರು ತಾನೇ ಮೊದಲು ಕುಲುಮೆಗೆ ಹಾಕುತ್ತಾರೆ? 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಉದ್ಯಮ್ ನೋಂದಣಿ (ಇಂಥ ಉದ್ಯಮಗಳ ಸರ್ಕಾರಿ ನೋಂದಣಿ) ಇರುವ ಅತಿಸಣ್ಣ, ಸಣ್ಣ ಘಟಕಗಳಿಗೆ ಬಿಲ್ ದುಡ್ಡು ಕೊಡುವುದು ಬರಹದ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. 2024ರ ಏಪ್ರಿಲ್‌ನಿಂದ ಇದಕ್ಕೆ ಆದಾಯ ತೆರಿಗೆಯ ಕೊಂಡಿಯೂ ಸೇರಿದೆ. ಗಡುವು ಮೀರಿದ ಬಾಕಿಯನ್ನು ಆ ವರ್ಷದ ಖರ್ಚು ಅಂತ ತೋರಿಸಲು ಆಗುವುದಿಲ್ಲ, ಕೊಟ್ಟ ವರ್ಷದಲ್ಲೇ ತೋರಿಸಬೇಕು. ಇದನ್ನು ಬರೀ ತೆರಿಗೆ ವಿಷಯ ಅಂತ ನೋಡಬೇಡಿ. ಆ ಶೆಡ್ ನಡೆಸುವವರು ನಮ್ಮ ಹಾಗೇ ಸಂಬಳ ಕೊಡಬೇಕಾದವರು. ನಮ್ಮಲ್ಲಿ ಬಾಕಿ ತೀರಿಸಿ, ಇನ್ನು ಮುಂದೆ ಪ್ರತಿ 30 ದಿನಕ್ಕೆ ಕೊಡುತ್ತೇವೆ ಅಂತ ಮಾತು ಕೊಟ್ಟ ಮೇಲೆ ಐದು ದಿನ ಹಿಡಿಯುತ್ತಿದ್ದದ್ದು ಮೂರಕ್ಕೆ ಇಳಿಯಿತು.

ಮಾಲು ಬಂದರೂ ಹಾರ್ಡ್‌ನೆಸ್ ಸಿಗದೆ ಮತ್ತೆ ವಾಪಸ್ ಹೋಗುತ್ತಿದ್ದರೆ ನಿಮ್ಮ ಡಿಸಿ ಓದಿ. ಬರೀ "ಶಾಫ್ಟ್ 200 ನಂಬರ್" ಅಂತ ಇದೆಯೇ? ಗ್ರೇಡ್, ಬೇಕಾದ ಹಾರ್ಡ್‌ನೆಸ್ ಎಷ್ಟರಿಂದ ಎಷ್ಟು, ಕೇಸ್ ಡೆಪ್ತ್ (ಗಟ್ಟಿಯಾದ ಮೇಲ್ಪದರದ ಆಳ), ಈ ಮೂರೂ ಇರಲೇಬೇಕು. ಇಎನ್8, ಇಎನ್19 ಬೇರೆ ಬೇರೆ ಗ್ರೇಡ್‌ನ ಉಕ್ಕು, ಆದರೆ ಬಾರ್‌ಗಳು ಕಣ್ಣಿಗೆ ಒಂದೇ ಥರ. ಬಾರ್ ತುದಿಗೆ ಬಣ್ಣ ಹಚ್ಚಿಡಿ, ಬಣ್ಣ ಇಲ್ಲದ ತುದಿಯಿಂದ ಕತ್ತರಿಸುತ್ತಾ ಬನ್ನಿ. ಇಲ್ಲದಿದ್ದರೆ ಮೊದಲ ತುಂಡಿನಲ್ಲೇ ಗುರುತು ಹೋಯಿತು.

ಕಾಗದದ ಕಡೆ ಎರಡು ವಿಷಯ ನೆನಪಿಡಿ. ಜಾಬ್ ವರ್ಕ್‌ಗೆ ಕಳಿಸಿದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು, ಇಲ್ಲದಿದ್ದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕ ಹಿಡಿದು ಜಿಎಸ್‌ಟಿ ಬೀಳುತ್ತದೆ. ಎರಡನೆಯದು, ಹೊಸೂರಿಗೆ ಜಾಬ್ ವರ್ಕ್ ಕಳಿಸುವವರಿಗೆ. ಅತ್ತಿಬೆಲೆ ದಾಟಿದರೆ ತಮಿಳುನಾಡು. ರಾಜ್ಯದ ಗಡಿ ದಾಟುವ ಜಾಬ್ ವರ್ಕ್ ಮಾಲಿಗೆ ಬೆಲೆ ಎಷ್ಟೇ ಕಮ್ಮಿ ಇರಲಿ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡುವ ಜಿಎಸ್‌ಟಿ ಚೀಟಿ) ಬೇಕು.

ಎಚ್ಚರಿಕೆ: ಪ್ಲೇಟಿಂಗ್ ಶೆಡ್‌ಗೆ ವಿಚಾರಿಸಲು ಹೋದಾಗ ಟ್ಯಾಂಕ್‌ಗಳ ಹತ್ತಿರ ಬಾಗಿ ನೋಡಬೇಡಿ. ಅಲ್ಲಿ ಆಸಿಡ್ ಇರುತ್ತದೆ, ಕೆಲವು ಕಡೆ ಸೈನೈಡ್ ದ್ರಾವಣವೂ ಇರುತ್ತದೆ. ಮಾಲು ತರುವ ಹುಡುಗರಿಗೂ ಇದನ್ನು ಹೇಳಿ ಕಳಿಸಿ.

ಲಕ್ಷಣ: ಒಂದು ಕಚ್ಚಾ ಮಾಲು ರಾಶಿ ಬಿದ್ದಿದೆ, ಇನ್ನೊಂದಕ್ಕೆ ಲೈನ್ ನಿಂತಿದೆ

ಬೆರಳಿನಿಂದ ಧೂಳು ಒರೆಸಿ ನೋಡಿ. ದಪ್ಪ ಧೂಳು ಕೂತಿದೆ ಅಂದರೆ ಆರು ತಿಂಗಳಿಂದ ಯಾರೂ ಮುಟ್ಟಿಲ್ಲ. ಅವುಗಳ ಪಟ್ಟಿ ಮಾಡಿ ಬೆಲೆ ಬರೆಯಿರಿ. ನಿಂತ ಲೈನ್‌ಗೆ ಬೇಕಾದ ದುಡ್ಡು ಬಹಳಷ್ಟು ಸಲ ಅಲ್ಲೇ ಕೂತಿರುತ್ತದೆ.

ಇನ್ನೊಂದು ಕಡೆ, ಕಮ್ಮಿ ಬೀಳುವ ಐಟಂಗೆ ಆರ್ಡರ್ ಯಾವಾಗ ಹಾಕುತ್ತೀರಿ ಅಂತ ಕೇಳಿಕೊಳ್ಳಿ. "ಕಮ್ಮಿ ಆದಾಗ" ಅನ್ನುವುದು ಉತ್ತರ ಅಲ್ಲ. ದಿನಕ್ಕೆ 120 ಕೆಜಿ ಖರ್ಚು, ಮಾಲು ಬರಲು ಸಾಮಾನ್ಯ 7 ದಿನ, ತೀರಾ ತಡ ಆದರೆ 11 ದಿನ ಅಂದುಕೊಳ್ಳಿ. ಏಳು ದಿನಕ್ಕೆ 840 ಕೆಜಿ, ಆ ನಾಲ್ಕು ದಿನದ ಭಯಕ್ಕೆ 480 ಕೆಜಿ. ಸ್ಟಾಕ್ 1,320 ಕೆಜಿಗೆ ಇಳಿದ ದಿನವೇ ಪಿಒ (ಖರೀದಿ ಆರ್ಡರ್) ಹೋಗಬೇಕು. ಈ ಅಂಕಿಯನ್ನು ರ‍್ಯಾಕ್ ಮೇಲೆಯೇ ಕೆಂಪು ಗೆರೆ ಎಳೆದು ಬರೆದರೆ ಸ್ಟೋರ್ಸ್‌ಗೆ ಹೊಸಬರು ಬಂದರೂ ತಪ್ಪುವುದಿಲ್ಲ.

ಹಬ್ಬಗಳನ್ನು ಮರೆಯಬೇಡಿ. ಆಯುಧ ಪೂಜೆಗೆ ಮಷಿನ್ ತೊಳೆದು ಪೂಜೆ ಮಾಡಿದ ಮೇಲೆ ಜನ ಊರಿಗೆ ಹೊರಡುತ್ತಾರೆ. ದೀಪಾವಳಿ, ಛಟ್ ಅಂತ ಉತ್ತರದ ಕಡೆಯ ಹುಡುಗರು ಹೋದರೆ ಬರಲು ಎರಡು ಮೂರು ವಾರ. ಆ ತಿಂಗಳ ಲೆಕ್ಕದಲ್ಲಿ 7 ದಿನ ಅನ್ನುವುದನ್ನು ನೀವೇ ತಿದ್ದಿಕೊಳ್ಳಬೇಕು.

ಲಕ್ಷಣ: ಗಾಡಿ ಬಂತು, ಆದರೆ ಹೊರಡಲಿಲ್ಲ

2021ರ ಡಿಸೆಂಬರ್‌ನಲ್ಲಿ ಪೀಣ್ಯದ ಮೇಲ್ಸೇತುವೆ ಮುಚ್ಚಿದರು. ದೊಡ್ಡ ಗಾಡಿಗಳು ಮತ್ತೆ ಅದರ ಮೇಲೆ ಹತ್ತಿದ್ದು 2024ರ ಜುಲೈ ಕೊನೆಗೆ. ಆ ಎರಡೂವರೆ ವರ್ಷ ನಮ್ಮ ಎಲ್ಲ ತಡಕ್ಕೂ ನಾವು ಕೊಡುತ್ತಿದ್ದ ಕಾರಣ ಒಂದೇ, ಟ್ರಾಫಿಕ್. ಒಂದು ದಿನ ಗೇಟ್ ರಿಜಿಸ್ಟರ್ ತೆಗೆದು ನೋಡಿದೆ. ಗಾಡಿ ಒಳಗೆ ಬಂದದ್ದು 2:10, ಹೊರಗೆ ಹೋದದ್ದು 4:45. ರಸ್ತೆಗೆ ಇಳಿಯುವ ಮೊದಲೇ ಎರಡೂವರೆ ಗಂಟೆ ನಮ್ಮ ಅಂಗಳದಲ್ಲೇ ಹೋಗಿತ್ತು. ಹೊರಡುವ ಹೊತ್ತಿಗೆ ಸರಿಯಾಗಿ ಸಂಜೆಯ ಟ್ರಾಫಿಕ್‌ಗೆ ಸಿಕ್ಕಿಕೊಳ್ಳುತ್ತಿತ್ತು.

ಅದಕ್ಕೇ ಮೊದಲು ಗೇಟ್ ರಿಜಿಸ್ಟರ್ ನೋಡಿ. ಒಳಗೆ ಬಂದ, ಲೋಡಿಂಗ್ ಶುರುವಾದ, ಮುಗಿದ, ಕಾಗದ ಕೈಗೆ ಬಂದ, ಹೊರಗೆ ಹೋದ ಹೊತ್ತು, ಈ ಐದನ್ನೂ ಒಂದು ವಾರ ಬರೆಸಿ. ಶುರುವಾಗಲೇ ತಡ ಆದರೆ ಪ್ಯಾಕಿಂಗ್ ಮುಗಿದಿಲ್ಲ. ಲೋಡಿಂಗ್ ನಿಧಾನ ಆದರೆ ಡಬ್ಬಗಳನ್ನು ಒಂದೊಂದಾಗಿ ಎತ್ತುತ್ತಿದ್ದಾರೆ, ಪ್ಯಾಲೆಟ್ ಬೇಕು. ಲೋಡ್ ಮುಗಿದ ಮೇಲೂ ನಿಂತಿದ್ದರೆ ದೋಷ ಬಿಲ್ಲಿಂಗ್‌ನಲ್ಲಿದೆ.

ಬಿಲ್ಲಿಂಗ್‌ನಲ್ಲಿ ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ಇ-ವೇ ಬಿಲ್. ತೆರಿಗೆಯೂ ಸೇರಿ ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಅದು ಬೇಕು. ಪಾರ್ಟ್ ಎ, ಅಂದರೆ ಮಾಲು ಮತ್ತು ಇನ್‌ವಾಯ್ಸ್ ವಿವರ, ಗಾಡಿ ಬರುವ ಮೊದಲೇ ತುಂಬಿಡಬಹುದು. ಗಾಡಿ ನಂಬರ್ ಇರುವ ಪಾರ್ಟ್ ಬಿ ಮಾತ್ರ ಗಾಡಿ ಬಂದ ಮೇಲೆ. ಎರಡನ್ನೂ ಕೊನೆಗೆ ಉಳಿಸಿಕೊಂಡರೆ ಅಲ್ಲೇ ಅರ್ಧ ಗಂಟೆ. ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರ್‌ಗೆ ಒಂದು ದಿನ ಅವಧಿ ಸಿಗುತ್ತದೆ. 2021ಕ್ಕೆ ಮುಂಚೆ ಅದು 100 ಕಿಲೋಮೀಟರ್ ಆಗಿತ್ತು. ಅಂದರೆ ಇಲ್ಲಿಂದ ಪುಣೆಗೆ ಸುಮಾರು 840 ಕಿಲೋಮೀಟರ್, ಐದು ದಿನ. ದಾರಿಯಲ್ಲಿ ಗಾಡಿ ಕೆಟ್ಟು ಬೇರೆ ಗಾಡಿಗೆ ಮಾಲು ಹಾಕಿದರೆ ಪಾರ್ಟ್ ಬಿಯಲ್ಲಿ ಹೊಸ ನಂಬರ್ ಹಾಕಲೇಬೇಕು. ಅವಧಿ ಮುಗಿಯುವ ಎಂಟು ಗಂಟೆ ಮೊದಲಿಂದ ಮುಗಿದ ಎಂಟು ಗಂಟೆಯವರೆಗೆ ಅದನ್ನು ವಿಸ್ತರಿಸಲು ಅವಕಾಶ ಇದೆ. ರಾತ್ರಿ ಡ್ರೈವರ್ ಫೋನ್ ಮಾಡಿದರೆ ಯಾರು ಎತ್ತಬೇಕು ಅಂತ ಮೊದಲೇ ಗೊತ್ತಿರಲಿ.

ಎಲ್ಲಿ ನಿಲ್ಲಿಸಬೇಕು: ಗಾಡಿಯನ್ನು ತಪಾಸಣೆಯಲ್ಲಿ ತಡೆದಿದ್ದರೆ ಫೋನ್‌ನಲ್ಲಿ ವಾದ ಮಾಡಬೇಡಿ, ಡ್ರೈವರ್‌ಗೂ ಮಾಡಲು ಬಿಡಬೇಡಿ. ಕೊಟ್ಟ ನೋಟಿಸ್‌ನ ಫೋಟೊ ತರಿಸಿಕೊಂಡು ನಿಮ್ಮ ಜಿಎಸ್‌ಟಿ ನೋಡುವವರಿಗೆ ಕಳಿಸಿ. ತೆರಿಗೆಯ ಎರಡರಷ್ಟು ದಂಡ ಬೀಳಬಹುದಾದ ವಿಷಯ ಇದು.

ಎಚ್ಚರಿಕೆ: ಲೋಡ್ ಮಾಡುವಾಗ ಎಂಜಿನ್ ಆಫ್, ಹ್ಯಾಂಡ್ ಬ್ರೇಕ್ ಹಾಕಿ ಚಕ್ರಕ್ಕೆ ಅಡ್ಡಗಟ್ಟೆ. ಫೋರ್ಕ್‌ಲಿಫ್ಟ್‌ನ ಫೋರ್ಕ್ ಮೇಲೆ ಮನುಷ್ಯರನ್ನು ಎತ್ತಬೇಡಿ, "ಒಂದೇ ನಿಮಿಷ" ಅಂದರೂ ಬೇಡ. ತಡ ಆಯಿತು ಅಂತ ಡ್ರೈವರ್‌ಗೆ ಪದೇ ಪದೇ ಫೋನ್ ಮಾಡಬೇಡಿ. ನಾವು ಅಂಗಳದಲ್ಲಿ ಕಳೆದ ಎರಡು ಗಂಟೆಯನ್ನು ಅವನು ರಾತ್ರಿ ನಿದ್ದೆ ಬಿಟ್ಟು ಹೈವೇಯಲ್ಲಿ ತುಂಬಿಕೊಡುವಂತೆ ಆಗಬಾರದು.

ಲಕ್ಷಣ: ತಿಂಗಳ ಕೊನೆ ವಾರ ಮಾತ್ರ ಗಡಿಬಿಡಿ

ತಿಂಗಳ ಬಿಲ್ಲಿಂಗ್ ಅನ್ನು ನಾಲ್ಕು ವಾರಕ್ಕೆ ಹಂಚಿ ಬರೆಯಿರಿ. ಅರ್ಧಕ್ಕಿಂತ ಜಾಸ್ತಿ ಕೊನೆ ವಾರದಲ್ಲಿದ್ದರೆ, ಅದು ಗಿರಾಕಿಯ ಶೆಡ್ಯೂಲ್‌ನಿಂದ ಬಂದದ್ದೋ ನಮ್ಮ ಟಾರ್ಗೆಟ್‌ನಿಂದ ಬಂದದ್ದೋ ನೋಡಿ. ಶೆಡ್ಯೂಲ್‌ನಲ್ಲಿ ವಾರವಾರಕ್ಕೆ ಸಮ ಇದ್ದು ನಾವು ಮಾತ್ರ ಕೊನೆಗೆ ಕಳಿಸುತ್ತಿದ್ದರೆ ಮದ್ದು ನಮ್ಮ ಕೈಯಲ್ಲೇ ಇದೆ. ದಿನದ ಗುರಿ ಬೋರ್ಡ್ ಮೇಲೆ ಬರೆಯಿರಿ. ಗಿರಾಕಿಯೇ ಕೊನೆಗೆ ಕೇಳುತ್ತಿದ್ದರೆ ಅವರ ಪ್ಲಾನಿಂಗ್‌ನವರ ಹತ್ತಿರ ಕೂತು ಮಾತಾಡಿ. ಅವರಿಗೂ ಗೇಟಿನಲ್ಲಿ ಒಂದೇ ದಿನ ಹತ್ತು ಗಾಡಿ ಬರುವುದು ಬೇಡ, ಅಲ್ವಾ?

ಲಕ್ಷಣ: ಮಾಲು ತಲುಪಿತು, ತುಕ್ಕು ಅಂತ ವಾಪಸ್ ಬಂತು

ಮಳೆಗಾಲದಲ್ಲಿ ಜಾಸ್ತಿ. ಎಲ್ಲ ಪೀಸ್‌ಗೂ ಸಮ ಆಗಿ ತುಕ್ಕಿದ್ದರೆ ಎಣ್ಣೆ ಹಚ್ಚಿಲ್ಲ. ಬೆರಳಿನ ಗುರುತಿನ ಆಕಾರದಲ್ಲಿದ್ದರೆ ಬರಿಗೈಯಲ್ಲಿ ಮುಟ್ಟಿದ ಬೆವರು, ಕೈಗವಸು ಕೊಡಿ. ಡಬ್ಬದ ತಳದ ಸಾಲಿಗೆ ಮಾತ್ರ ಇದ್ದರೆ ಹಸಿ ಮರದ ಪ್ಯಾಲೆಟ್ ಅಥವಾ ನೆನೆದ ರಟ್ಟು. ತೊಳೆದ ಪೀಸ್ ಪೂರ್ತಿ ಒಣಗುವ ಮೊದಲು ಪ್ಲಾಸ್ಟಿಕ್ ಕವರ್‌ಗೆ ಹಾಕಿದರೆ ಒಳಗೇ ಬೆವರುತ್ತದೆ. ತುಕ್ಕು ತಡೆಯುವ ವಿಸಿಐ ಕವರ್ ತರುವುದು ಇಷ್ಟೆಲ್ಲ ನೋಡಿದ ಮೇಲೆ.

ನೀವೇ ಕೈ ಹಾಕಬಾರದ ಜಾಗಗಳು

ರ‍್ಯಾಕ್‌ನ ಕಂಬ ಅಥವಾ ಅಡ್ಡಪಟ್ಟಿ ಬಾಗಿದ್ದರೆ ಸುತ್ತ ಯಾರೂ ಬರದಂತೆ ಹಗ್ಗ ಕಟ್ಟಿ. ಮೇಲಿನ ಸಾಲಿನಿಂದ ಶುರು ಮಾಡಿ ಮಾಲು ಇಳಿಸಿ, ರ‍್ಯಾಕ್ ಕಂಪನಿಯವರನ್ನೇ ಕರೆಸಿ. ಅಲ್ಲೇ ವೆಲ್ಡಿಂಗ್ ಹೊಡೆದು ಸರಿ ಮಾಡುವ ಕೆಲಸ ಬೇಡ. ಕ್ರೇನ್ ಹಗ್ಗದ ಎಳೆ ಬಿಚ್ಚಿದ್ದರೆ, ಹುಕ್‌ನ ಲಾಚ್ ಮುರಿದಿದ್ದರೆ ಆ ದಿನದ ಡಿಸ್ಪ್ಯಾಚ್ ತಪ್ಪಿದರೂ ಪರವಾಗಿಲ್ಲ, ಕ್ರೇನ್ ನಿಲ್ಲಿಸಿ.

ಮೇಲಿನದೆಲ್ಲ ಮಾಡಿ ಎರಡು ತಿಂಗಳಾದರೂ ಟ್ರೇಯ ದಿನಗಳು ಇಳಿಯದಿದ್ದರೆ ಹೊರಗಿನ ಕಣ್ಣು ಬೇಕು. ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಲೀನ್ (ಪೋಲು ತಗ್ಗಿಸುವ) ಯೋಜನೆ 2023ರಲ್ಲಿ ಹೊಸ ರೂಪದಲ್ಲಿ ಶುರುವಾಗಿದೆ. ಸಲಹೆಗಾರರ ಖರ್ಚಿನ 90 ಪರ್ಸೆಂಟ್ ಸರ್ಕಾರ ಕೊಡುವ ಯೋಜನೆ ಅದು. ಉದ್ಯಮ್ ನೋಂದಣಿ ಇದ್ದರೆ ಅರ್ಜಿ ಹಾಕಬಹುದು. ಸಲಹೆಗಾರರು ಬಂದ ದಿನ ಅವರ ಕೈಗೆ ತುಂಬಿದ ಕಾರ್ಡ್‌ಗಳನ್ನು ಕೊಡಿ, ಅವರ ಮೊದಲ ವಾರದ ಕೆಲಸ ಉಳಿಯುತ್ತದೆ.

ನಾವು ಈಗಲೂ ತಿಂಗಳ ಎರಡನೇ ಸೋಮವಾರ ಒಂದು ಟ್ರೇಗೆ ಗುಲಾಬಿ ಕಾರ್ಡ್ ಕಟ್ಟುತ್ತೇವೆ. ಹೋದ ಸಲದ್ದು 9 ದಿನ. ಅದರಲ್ಲಿ ಮೂರು ದಿನ ಇನ್ನೂ ಹೀಟ್ ಟ್ರೀಟ್‌ಮೆಂಟ್‌ನದ್ದೇ. ಮುಂದಿನ ವಾರ ಅವರ ಶೆಡ್‌ಗೆ ಹೋಗಿ, ಅವರ ಕುಲುಮೆಯ ಮುಂದೆ ನಮ್ಮ ಟ್ರೇ ಎಷ್ಟು ಹೊತ್ತು ಕಾಯುತ್ತದೆ ಅಂತ ಬರೆದುಕೊಂಡು ಬರಬೇಕು.